ಬೇನೆಗಿತ್ತಿಯ ಮಸೂದೆ

ಹೆರಿಗೆಯ ಬೇನೆಯನ್ನು ಒಬ್ಬಳ ಮೈಯಿಂದ ಇನ್ನೊಬ್ಬಳ ಮೈಗೆ ದಾಟಿಸಬಹುದು ಎಂದು ಗೊತ್ತಾಗಿ, ಅದು ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸವಾಗಿ, ಇನ್ನೊಬ್ಬರ ಬೇನೆ ತಿನ್ನುವುದನ್ನೇ ಉದ್ಯೋಗ ಮಾಡಿಕೊಂಡ ಹೆಂಗಸರಿಗೆ ಬೇನೆಗಿತ್ತಿ ಎಂಬ ಹೆಸರೂ ಬಿದ್ದು ಹೋದ ಮೇಲೆ, ಇದಕ್ಕೊಂದು ಕಾನೂನು ಬೇಕಲ್ಲ ಎಂದು ನಮ್ಮ ಸರಕಾರಕ್ಕೆ ಹೊಳೆಯಿತು. ಸರಕಾರಕ್ಕೆ ಹೊಳೆಯುವುದೇ ಹಾಗೆ. ಎಲೆ ಎತ್ತಿದ ಮೇಲೆ ಬಂದು ಊಟಕ್ಕೆ ಏನೇನು ಮಾಡಿಸಿದ್ದೀರಿ ಎಂದು ಕೇಳುವ ಬೀಗರನ್ನು ನೀವೂ ನೋಡಿರುತ್ತೀರಿ.

ನನ್ನ ಹೆಸರು ದಾನಮ್ಮ ಹೂಗಾರ. ಮಲಪ್ರಭಾ ಪ್ರಾಂತ್ಯದ ವಿಧಾನಸಭೆಯಲ್ಲಿ ಮಸೂದೆ ಶಾಖೆಯ ಅಧೀನ ಕಾರ್ಯದರ್ಶಿ. ಪ್ರಾಂತ್ಯಗಳನ್ನು ಹೊಸದಾಗಿ ಹಂಚಿ, ಗದಗಿನಲ್ಲಿ ಸಭೆ ಕೂಡಲು ಶುರುವಾದ ವರ್ಷವೇ ಕೆಲಸಕ್ಕೆ ಸೇರಿದವಳು. ಮಸೂದೆ ಶಾಖೆ ಎಂದರೆ ಏನು ಮಾಡುತ್ತೀರಿ ಎಂದು ಬಂಧು ಬಳಗದವರು ಕೇಳುತ್ತಾರೆ. ಏನಿಲ್ಲ, ಇಲಾಖೆಯವರು ಬರೆದು ಮಂತ್ರಿಮಂಡಲ ಒಪ್ಪಿದ ಕರಡು ನಮ್ಮ ಮೇಜಿಗೆ ಬರುತ್ತದೆ. ನಾವು ಅದನ್ನು ತಿದ್ದಿ, ನಂಬರು ಕೊಟ್ಟು, ಅಚ್ಚು ಹಾಕಿಸಿ, ಸದಸ್ಯರಿಗೆ ಹಂಚುತ್ತೇವೆ. ಗೊತ್ತುಪಡಿಸಿದ ದಿನ ಮಂತ್ರಿಗಳು ಎದ್ದು ನಿಂತು, ಈ ಮಸೂದೆಯನ್ನು ಮಂಡಿಸಲು ಅನುಮತಿ ಬೇಕು ಎಂದು ಹೆಸರು ಓದುತ್ತಾರೆ. ಸಭಾಧ್ಯಕ್ಷರು ಸದನವನ್ನು ಕೇಳುತ್ತಾರೆ. ಸದಸ್ಯರು "ಹೌದು" ಎನ್ನುತ್ತಾರೆ. ಮಂಡನೆಗೆ ಅಡ್ಡ ಮಾತಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ, ಹೆಸರಿಡುವ ಹೊತ್ತಿಗೆ ಕೂಸಿನ ಬಣ್ಣದ ಮಾತು ಯಾರೂ ತೆಗೆಯುವುದಿಲ್ಲ. ಅಷ್ಟಾದ ಮೇಲೆ ಇದು ಇಂಥ ಸಮಿತಿಗೆ ಹೋಗತಕ್ಕದ್ದು ಎಂದು ಸಭಾಧ್ಯಕ್ಷರು ಹೇಳುತ್ತಾರೆ. ಚರ್ಚೆ, ತಿದ್ದುಪಡಿ, ಮತ ಎಲ್ಲ ಸಮಿತಿಯಿಂದ ಬಂದ ಮೇಲೆ.

ಮಸೂದೆಯ ಹಣೆಬರಹ ಇರುವುದು ಆ ಕೊನೆಯ ಒಂದು ಮಾತಿನಲ್ಲಿ. ಒಂದೇ ಕೆರೆಯ ಮಸೂದೆ ನೀರಾವರಿ ಸಮಿತಿಗೆ ಹೋದರೆ ಕಾಲುವೆಯಾಗಿ ಹೊರಗೆ ಬರುತ್ತದೆ, ಪ್ರವಾಸೋದ್ಯಮ ಸಮಿತಿಗೆ ಹೋದರೆ ದೋಣಿವಿಹಾರವಾಗಿ ಬರುತ್ತದೆ. ಮೊದಮೊದಲು ಒಂದೊಂದು ಮಸೂದೆಗೂ ಎರಡು ಮೂರು ಸಮಿತಿಗಳು ತಮ್ಮದು ತಮ್ಮದು ಎಂದು ಜಗ್ಗಾಡುತ್ತಿದ್ದವು. ಬೇಸತ್ತ ಮೊದಲ ಸಭಾಧ್ಯಕ್ಷರು ಒಂದು ಕಟ್ಟಳೆ ಮಾಡಿಟ್ಟು ಹೋದರು: ಮಸೂದೆಯ ಹೆಸರು ಏನು ಹೇಳುತ್ತದೋ ಅದರ ಪ್ರಕಾರ ಸಮಿತಿ. ಒಳಗೆ ಏನಿದೆ ಎಂದು ಯಾರೂ ಕೆದಕಬಾರದು. ಜಗಳ ನಿಂತಿತು. ಒಳಗೆ ಓದುವುದೂ ನಿಂತಿತು.

ಈ ಮಸೂದೆ ಮೊದಲು ಬಂದಾಗ ಅದಕ್ಕೆ ಸರಿಯಾದ ಹೆಸರೇ ಇತ್ತು: ಹೆರಿಗೆ ಬೇನೆ ವರ್ಗಾವಣೆ ನಿಯಂತ್ರಣ ಮಸೂದೆ. ಆರೋಗ್ಯ ಮಂತ್ರಿ ಅಮಾತೆಪ್ಪ ಮುದೇನೂರರು ಅದನ್ನು ಹಿಂದಕ್ಕೆ ಕಳಿಸಿದರು. ತುಂಬಿದ ಸದನದಲ್ಲಿ ಗಂಡಸು ನಿಂತು ಹೆರಿಗೆ, ಬೇನೆ ಎಂದು ಓದುವುದು ಹೇಗೆ, ಗ್ಯಾಲರಿಯಲ್ಲಿ ಶಾಲೆಯ ಹುಡುಗರು ಕೂತಿರುತ್ತಾರೆ ಎಂಬುದು ಅವರ ಸಂಕಟ. ಕೆಟ್ಟ ಮನುಷ್ಯನಲ್ಲ, ಆರು ಮಕ್ಕಳ ತಂದೆ, ಆದರೆ ಆ ಮಕ್ಕಳು ಹೇಗೆ ಬಂದವೆಂಬ ಮಾತು ಮಾತ್ರ ಬಾಯಿಗೆ ಬರಬಾರದು. ಕಾನೂನು ಇಲಾಖೆಯವರು ಜಾಣರು. ಹೆಸರನ್ನು ನರಸಂಕೇತಗಳ ನಿಸ್ತಂತು ಪ್ರಸಾರ ನಿಯಂತ್ರಣ ಮಸೂದೆ ಎಂದು ಬದಲಿಸಿದರು. ಹೆಸರು ಬದಲಾದ ಮೇಲೆ ಒಳಗೂ ಹಾಗೇ ಇರಬೇಕಲ್ಲ. ಬಸುರಿ ಇದ್ದಲ್ಲೆಲ್ಲ ಪ್ರಸಾರ ತುದಿ ಎಂದಾಯಿತು, ಬೇನೆಗಿತ್ತಿ ಇದ್ದಲ್ಲೆಲ್ಲ ಸ್ವೀಕಾರ ತುದಿ ಎಂದಾಯಿತು. ಹಳೆಯ ಹೆಸರೇ ಇರಲಿ ಎಂದು ನಾನು ಟಿಪ್ಪಣಿ ಬರೆದೆ. ಅದು "ನೋಡಲಾಗಿದೆ" ಎಂದು ಬರೆಸಿಕೊಂಡು ವಾಪಸು ಬಂತು. ನಮ್ಮ ಕಚೇರಿಯಲ್ಲಿ ನೋಡಲಾಗಿದೆ ಎಂದರೆ ನೋಡಿಲ್ಲ ಎಂದೇ ಅರ್ಥ.

ನನಗೇಕೆ ಅಷ್ಟು ಉರಿಯಿತು ಎಂದರೆ, ನನ್ನ ಬೆನ್ನಿಗೆ ಬಿದ್ದ ತಂಗಿ ಕಸ್ತೂರಿ ಬೇನೆಗಿತ್ತಿ. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಜೋಡಿಪಟ್ಟಿ ಬಂದಾಗ ಮೊದಲು ಸೊಂಟಕ್ಕೆ ಕಟ್ಟಿಸಿಕೊಂಡವರಲ್ಲಿ ಇವಳೂ ಒಬ್ಬಳು.

ಜೋಡಿಪಟ್ಟಿ ಎಂದರೆ ಅಗಲವಾದ ಎರಡು ಸೊಂಟದ ಪಟ್ಟಿಗಳು. ಒಂದನ್ನು ಬಸುರಿ ಕಟ್ಟಿಕೊಳ್ಳುತ್ತಾಳೆ, ಇನ್ನೊಂದನ್ನು ಬೇನೆಗಿತ್ತಿ. ಬಸುರಿಯ ಬೆನ್ನುಹುರಿಯಲ್ಲಿ ಮೇಲೇರುವ ನೋವಿನ ಸಂಕೇತವನ್ನು ಮೊದಲ ಪಟ್ಟಿ ನಡುವೆಯೇ ಹಿಡಿದು ಎರಡನೆಯದಕ್ಕೆ ನಿಸ್ತಂತುವಿನಲ್ಲಿ ಕಳಿಸುತ್ತದೆ. ಹಾಗಾದರೆ ನೋವನ್ನು ಅಲ್ಲೇ ಅಳಿಸಿಬಿಟ್ಟರಾಯಿತಲ್ಲ, ಇನ್ನೊಬ್ಬಳು ಯಾಕೆ ತಿನ್ನಬೇಕು ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಪಟ್ಟಿಯನ್ನು ಕಂಡುಹಿಡಿದ ಡಾಕ್ಟರ್ ವಸುಧಾ ಇಟಗಿಯವರು ಹೇಳಿದ್ದು ಇಷ್ಟು: ಸಂಕೇತ ಮಿದುಳಿಗೆ ಮುಟ್ಟಬೇಕು, ಮಿದುಳು ಅದಕ್ಕೆ ಉತ್ತರ ಕೊಡಬೇಕು, ಆ ಉತ್ತರ ತಿರುಗಿ ಬಂದರೇ ಗರ್ಭಕೋಶ ಮುಂದಿನ ಸಲ ಇನ್ನಷ್ಟು ಜೋರಾಗಿ ಬಿಗಿಯುತ್ತದೆ. ಇವರ ಪಟ್ಟಿ ನೋವನ್ನು ಅಳಿಸಿದಾಗಲೆಲ್ಲ ಹೆರಿಗೆ ಅರ್ಧಕ್ಕೇ ನಿಂತಿತಂತೆ. ಅಂದರೆ ಯಾರೋ ಒಬ್ಬರ ಮಿದುಳು ನೋಯಲೇಬೇಕು. ಹೆರುವವಳದೇ ಆಗಬೇಕೆಂದೇನಿಲ್ಲ. ಒಂದು ಸಲವಾದರೂ ಹೆತ್ತವಳಾಗಿದ್ದರೆ ಸಾಕು, ಮಿದುಳಿಗೆ ಉತ್ತರ ಗೊತ್ತಿರುತ್ತದೆ. ಕಸ್ತೂರಿಗೆ ಒಬ್ಬ ಮಗಳಿದ್ದಾಳೆ, ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ.

ಮಿದುಳು ಉತ್ತರ ಕೊಟ್ಟು ಸುಮ್ಮನಿರುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಹೆತ್ತೆ ಎಂದುಕೊಂಡ ಮೇಲೆ ಕೂಸಿಗೆ ಹಾಲು ಬೇಡವೇ? ಶುರುವಿನಲ್ಲಿ ಕಸ್ತೂರಿಗೆ ಎರಡು ಮೂರು ದಿನಕ್ಕೆ ಎದೆ ಬಿಗಿದು ಹಾಲು ಬರುತ್ತಿತ್ತು. ಬರಬರುತ್ತ ಮೈ ಕಲಿತುಬಿಟ್ಟಿತು. ಈಗೀಗ ಪಟ್ಟಿ ಬಿಚ್ಚುವುದರೊಳಗೇ ಬರುತ್ತದೆ. ಹಾಲು ಬತ್ತಲಿ ಎಂದು ಮಲ್ಲಿಗೆ ಹೂ ತಂದು ಎದೆಗೆ ಕಟ್ಟಿಕೊಳ್ಳುತ್ತಾಳೆ. ಮಾರುವವಳು ಇವಳಿಗೆ ಹೂವಿನ ಹುಚ್ಚು ಎಂದುಕೊಂಡಿದ್ದಾಳೆ. ಗಂಡ ಇಲ್ಲದವಳು ಇಷ್ಟು ಹೂ ಯಾರಿಗಾಗಿ ಒಯ್ಯುತ್ತಾಳೆ ಎಂದು ಓಣಿಯಲ್ಲಿ ಒಂದಿಬ್ಬರು ಆಡಿಕೊಂಡದ್ದೂ ಉಂಟು. ಅವರ ನಾಲಿಗೆಗೆ ಹುಳ ಬೀಳಲಿ.

ಮಸೂದೆಯಲ್ಲಿ ಬೇನೆಗಿತ್ತಿಯರ ಪಾಲಿಗೆ ಇದ್ದ ಒಂದೇ ಒಂದು ಒಳ್ಳೆಯ ಕಲಮು ಎಂದರೆ ಏಳನೆಯದು. ಒಬ್ಬ ಬೇನೆಗಿತ್ತಿಗೆ ಒಂದು ಹೊತ್ತಿಗೆ ಒಬ್ಬಳೇ ಬಸುರಿಯ ಬೇನೆ. ಅಲಂಕಾರದ ಭಾಷೆಯಲ್ಲಿ ಅದು ಈಗ ಒಂದು ಸ್ವೀಕಾರ ತುದಿಗೆ ಒಂದೇ ಪ್ರಸಾರ ತುದಿ ಎಂದಾಗಿತ್ತು. ಪಟ್ಟಿ ತಯಾರಿಸುವ ಕಂಪನಿಗೆ ಅದು ಬೇಡವಾಗಿತ್ತು. ಒಬ್ಬಳ ಸೊಂಟಕ್ಕೆ ಎರಡು ಮೂರು ಲೈನು ಕೊಡಬಹುದು ಎಂದು ಅವರ ವಾದ. ಏಳನೆಯ ಕಲಮು ಹೋಯಿತೆಂದರೆ ಮಾರನೆಯ ದಿನವೇ ಕಸ್ತೂರಿಯ ಮೈಮೇಲೆ ಇಬ್ಬರ ಬೇನೆ ಬೀಳುತ್ತದೆ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮಂಡನೆಯ ದಿನ ಅಮಾತೆಪ್ಪನವರು ಎದ್ದು ನಿಂತು ಹೆಸರನ್ನು ಖಣಖಣ ಎಂದು ಓದಿದರು. ಸದನ "ಹೌದು" ಎಂದಿತು. ಅರ್ಧ ಜನ ಊಟದ ಮನೆಯ ಕಡೆ ನೋಡುತ್ತಿದ್ದರು. ಸಭಾಧ್ಯಕ್ಷರು ಹೆಸರಿನ ಮೇಲೆ ಬೆರಳಿಟ್ಟರು. ನಿಸ್ತಂತು, ಪ್ರಸಾರ. ನಮ್ಮ ಪ್ರಾಂತ್ಯದಲ್ಲಿ ತರಂಗಗಳನ್ನು ಹಂಚುವುದು, ಟವರುಗಳಿಗೆ ಜಾಗ ಕೊಡುವುದು ಯಾರ ಕೆಲಸವೋ ಆ ಸಂಪರ್ಕ ಸಮಿತಿಗೆ ಇದು ಹೋಗತಕ್ಕದ್ದು ಎಂದರು. ನಾನು ಅಧಿಕಾರಿಗಳ ಸಾಲಿನಲ್ಲಿ ಕೂತಿದ್ದೆ. ಅಲ್ಲಿ ಕೂತವರಿಗೆ ಬಾಯಿ ಇಲ್ಲ.

ಮಧ್ಯಾಹ್ನ ಸಭೆಯ ಕಾರ್ಯದರ್ಶಿಗಳ ಹತ್ತಿರ ಹೋಗಿ, ಹೆರಿಗೆಯ ವಿಷಯ ಟವರು ಸಮಿತಿಗೆ ಹೋಯಿತಲ್ಲ ಸರ್ ಎಂದೆ. ಅವರು ನಿಯಮಗಳನ್ನು ಬಾಯಿಪಾಠ ಬಲ್ಲವರು. ಒಂದು ಸಲ ಹೋದ ಮೇಲೆ ಎರಡೇ ದಾರಿ, ಒಂದೋ ಮಂತ್ರಿಗಳೇ ಸದನದಲ್ಲಿ ಕೇಳಿ ವಾಪಸು ತರಿಸಿಕೊಳ್ಳಬೇಕು, ಇಲ್ಲವೇ ಸಮಿತಿಯೇ ಇದು ನಮ್ಮದಲ್ಲ ಎಂದು ಕಾರಣ ಬರೆದು ಸಭಾಧ್ಯಕ್ಷರಿಗೆ ಹಿಂದಿರುಗಿಸಬೇಕು ಎಂದರು. ಮಂತ್ರಿಗಳು ಕೇಳಬೇಕಾದರೆ ಹೆರಿಗೆ ಎನ್ನಬೇಕು. ಸಮಿತಿಯೋ, ಇಷ್ಟು ವರ್ಷದಲ್ಲಿ ಕೈಗೆ ಬಂದ ಮಸೂದೆಯನ್ನು ತನ್ನದಲ್ಲ ಎಂದ ಸಮಿತಿ ಒಂದೂ ಇಲ್ಲ. ಮನೆಗೆ ಬಂದ ಎಮ್ಮೆಯನ್ನು ಯಾರಾದರೂ ಹೊರಗೆ ಅಟ್ಟುತ್ತಾರೆಯೇ?

ಸಂಪರ್ಕ ಸಮಿತಿಯ ಅಧ್ಯಕ್ಷರು ಬಾಬುಸಾಬ ನದಾಫ. ಹಿಂದೆ ಕೇಬಲು ಹಾಕಿಸುವ ಗುತ್ತಿಗೆದಾರರಾಗಿದ್ದವರು. ಖಡಕ್ ಮನುಷ್ಯ, ಸಮಿತಿ ಹೇಳಿದ ಹೊತ್ತಿಗೆ ಕೂಡುತ್ತದೆ, ಹೇಳಿದ ಹೊತ್ತಿಗೆ ಏಳುತ್ತದೆ. ಮೊದಲ ಸಭೆಯಲ್ಲೇ ಏಳನೆಯ ಕಲಮಿನ ಮೇಲೆ ಅವರ ಕಣ್ಣು ಬಿತ್ತು. ಒಂದು ಟವರು ಸಾವಿರ ಲೈನು ಎತ್ತುತ್ತದೆ, ಇಲ್ಲಿ ಒಂದಕ್ಕೊಂದೇ ಎಂದರೆ ತರಂಗ ದಂಡವಲ್ಲವೇ ಎಂದು ಕೇಳಿದರು. ಡಾಕ್ಟರ್ ಇಟಗಿಯವರು ಕಂಪನಿಯ ಪರವಾಗಿ ಬಂದಿದ್ದರು. ಅವರು ಹೇಳಿದ್ದು ಸುಳ್ಳೇನೂ ಅಲ್ಲ. ಬೇನೆಗಿತ್ತಿಯರು ಕಡಿಮೆ, ಬಸುರಿಯರು ಹೆಚ್ಚು, ಸರದಿ ಸಿಗದ ಹುಡುಗಿಯರು ವರಾಂಡದಲ್ಲಿ ಒದ್ದಾಡುತ್ತಾರೆ, ಒಬ್ಬಳು ಇಬ್ಬರದು ತಿಂದರೆ ಇನ್ನೊಬ್ಬಳು ಪಾರಾಗುತ್ತಾಳೆ. ಕೇಳಿದರೆ ನನಗೂ ಹೌದೆನಿಸಿತು. ಹೌದೆನಿಸಿದ್ದಕ್ಕೇ ಹೆದರಿಕೆಯಾಯಿತು.

ನದಾಫರು ಹೇಳಿದರು: "ನಾ ಕಣ್ಣಿಲೆ ನೋಡದ ಯಾವುದಕ್ಕೂ ಸಹಿ ಮಾಡೂದಿಲ್ಲ. ಎರಡು ಲೈನು ಹಾಕಿ ತೋರಸ್ರಿ. ತ್ರಾಸ ಆತು ಅಂದ್ರ ಕಲಮು ಇರಲಿ. ಆಗಲಿಲ್ಲ ಅಂದ್ರ ತಗದು ಬಿಡೂಣು."

ಹೆರಿಗೆ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ಅದಕ್ಕೆ ಬಸುರಿಯರು ಆಸ್ಪತ್ರೆಯಲ್ಲೇ ಇರುವುದು, ಬೇನೆಗಿತ್ತಿ ಸಮಿತಿಯ ಕೊಠಡಿಗೆ ಬರುವುದು ಎಂದಾಯಿತು. ಕಂಪನಿ ಬೇನೆಗಿತ್ತಿಯರಲ್ಲಿ ಎಲ್ಲರಿಗಿಂತ ಹಳಬಳಾದವಳನ್ನು ಆರಿಸಿತು. ಆರಿಸಿದ ಹೆಸರು ಓದಿ ನಾನು ಕಾರ್ಯದರ್ಶಿಗಳಿಗೆ, ಇವಳು ನನ್ನ ಒಡಹುಟ್ಟಿದವಳು, ನಡಾವಳಿ ಬರೆಯಲು ಬೇರೆ ಯಾರನ್ನಾದರೂ ಕಳಿಸಿ ಎಂದೆ. ಚಲೋ ಆಯಿತಲ್ಲ, ಪರಿಚಯದವರಿದ್ದರೆ ಅವಳಿಗೂ ಧೈರ್ಯ ಎಂದು ನಕ್ಕರು.

ಏರ್ಪಾಡು ನೋಡಲು ಆಸ್ಪತ್ರೆಗೆ ನಾನೇ ಹೋಗಬೇಕಾಯಿತು. ನಡುವೆ ನಿಯಂತ್ರಣ ಕೊಠಡಿ. ಗೋಡೆಯ ಆ ಕಡೆ ಬಸುರಿಯರು, ಈ ಕಡೆ ಬೇನೆಗಿತ್ತಿಯರು. ಪರದೆಗಳ ಮೇಲೆ ಒಂದೊಂದು ಬೇನೆಯೂ ಹಸಿರು ಗೆರೆಯಾಗಿ ಏರಿ ಇಳಿಯುತ್ತದೆ. ನೋಡಿಕೊಳ್ಳುವ ಹುಡುಗಿ ಗೆರೆ ನೋಡಿ ಗುಂಡಿ ತಿರುವುತ್ತಾಳೆ. ಆ ಕಡೆಯ ಕೋಣೆಯಲ್ಲಿ ಬಸುರಿಯರು ಹರಟೆ ಹೊಡೆಯುತ್ತಿದ್ದರು, ಒಬ್ಬಳಂತೂ ದ್ರಾಕ್ಷಿ ತಿನ್ನುತ್ತಿದ್ದಳು. ಈ ಕಡೆಯ ಕೋಣೆಯಲ್ಲಿ ಸಾಲಾಗಿ ಮಂಚಗಳಿದ್ದವು, ಮಂಚದ ಮೇಲೆ ಹೆಂಗಸರಿದ್ದರು, ಒಂದೇ ಒಂದು ಸಪ್ಪಳವಿರಲಿಲ್ಲ.

ಅದು ಅವರ ರೀತಿ. ಯಾರೂ ಬರೆದಿಟ್ಟದ್ದಲ್ಲ, ಮೊದಲ ಬೇನೆಗಿತ್ತಿಯರೇ ತಮ್ಮತಮ್ಮಲ್ಲಿ ಮಾಡಿಕೊಂಡದ್ದು. ಗೋಡೆ ತೆಳುವು. ಇವಳು ಒದರಿದರೆ ಆ ಕಡೆಯವಳಿಗೆ ಕೇಳುತ್ತದೆ. ನನ್ನ ಬೇನೆ ಅವಳು ತಿನ್ನುತ್ತಿದ್ದಾಳೆ ಎಂದು ಹುಡುಗಿ ಅಂಜಿ ಮೈ ಬಿಗಿದಳೆಂದರೆ ಹೆರಿಗೆ ತಡವಾಗುತ್ತದೆ. ಅದಕ್ಕೆ ಬೇನೆಗಿತ್ತಿ ಒದರುವುದಿಲ್ಲ. ಹೊಸಬರಿಗೆ ಕಲಿಸುವುದು ಶುರುವಾಗುವುದೇ ಅದರಿಂದ, ಮೊದಲು ನಾಲಿಗೆಯನ್ನು ಅಂಗುಳಕ್ಕೆ ಒತ್ತುವುದು, ಆಮೇಲೆ ಉಸಿರು ಬಿಡುವುದು. ಹೊರಗೆ ಬಂದಾಗ ಬಾಣಂತಿಯ ಅತ್ತೆಯೋ ತಾಯಿಯೋ, ಭಾಳ ನೋವಾಯಿತೇನವ್ವ ಎಂದು ಕೇಳಿದರೆ, ಏನೂ ಇಲ್ಲ ಬಿಡಿ ಎನ್ನಬೇಕು. ಈ ವಿಷಯದಲ್ಲಿ ಕಸ್ತೂರಿಯ ಹೆಸರು ದೊಡ್ಡದು. ಒಂದು ಸಲವೂ ಉಸ್ ಎಂದವಳಲ್ಲ ಎಂದು ಹೊಸ ಹುಡುಗಿಯರಿಗೆ ಇವಳನ್ನೇ ತೋರಿಸುತ್ತಾರೆ.

ಗೋಡೆ ದಾಟಿ ಬರುವಾಗ ನನಗೆ ಥಟ್ಟನೆ ಅರ್ಥವಾಯಿತು. ತ್ರಾಸವಾಯಿತೋ ಇಲ್ಲವೋ ಎಂದು ನೋಡುವವರು ಹನ್ನೊಂದು ಮಂದಿ ಗಂಡಸರು. ತೋರಿಸುವವಳು ಎಂದೂ ತೋರಿಸದವಳು.

ಮರುದಿನವೇ ಸಮಿತಿಗೆ ತೋರಿಸುವ ದಿನ. ಬೆಳಿಗ್ಗೆ ಕಸ್ತೂರಿಯ ಮನೆಗೆ ಹೋದೆ. ಚಹಾ ಸೋಸುತ್ತಿದ್ದಳು. ಇವತ್ತು ಹೋಗಬೇಡ, ಜ್ವರ ಎಂದು ಹೇಳು ಎಂದೆ. ತಾನು ಒಲ್ಲೆ ಎಂದರೆ ಹೋದ ತಿಂಗಳು ಸೇರಿದ ಹುಡುಗಿಯನ್ನು ಒಯ್ಯುತ್ತಾರೆ, ಅದಕ್ಕೆ ಎರಡು ಲೈನು ತಡೆಯುವುದಿಲ್ಲ ಎಂದಳು. ಅದೂ ಖರೆ.

"ಹಂಗಾರ ಒದರು" ಎಂದೆ. "ಒಂದ ಸಲ ಒದರು, ಸಾಕು. ಅಲ್ಲಿ ಗ್ವಾಡಿ ಆ ಕಡೆ ಯಾರೂ ಇರೂದಿಲ್ಲ. ನಿನ್ನ ದನಿ ಒಂದ ಕೇಳಿದ್ರ ಆ ಕಲಮು ಉಳೀತೈತಿ."

ಕಸ್ತೂರಿ ಬಟ್ಟಲನ್ನು ನನ್ನ ಮುಂದಿಟ್ಟಳು. "ಒದರಿದಾಕಿ ಬ್ಯಾನಿಗಿತ್ತಿ ಅಲ್ಲ, ಯಕ್ಕಾ" ಎಂದಳು. ಆಮೇಲೆ ನಾನು ಬೈದೆ, ಕೈ ಮುಗಿದೆ. ಚಹಾ ಆರಿ ಹೋಗುತ್ತದೆ ಕುಡಿ ಎಂದಳು, ಅಷ್ಟೆ.

ಸಮಿತಿಯ ಕೊಠಡಿಯಲ್ಲಿ ಉದ್ದನೆಯ ಮೇಜನ್ನು ಸರಿಸಿ ಔಷಧಾಲಯದಿಂದ ಒಂದು ಮಂಚ ತಂದು ಹಾಕಿದ್ದರು. ಮಂಚದ ತಲೆಯ ಕಡೆ ಎರಡು ಪರದೆ. ನಾನು ಅಧ್ಯಕ್ಷರ ಎಡಗಡೆಗೆ ಕೂತೆ. ನಡಾವಳಿ ಬರೆಯುವವಳ ಕೆಲಸ ಆಡಿದ ಮಾತನ್ನು ಬರೆಯುವುದು. ಕೇಳಿದರೆ ಉತ್ತರ ಕೊಡಬಹುದು, ಕೇಳದೆ ಬಾಯಿ ತೆರೆಯುವಂತಿಲ್ಲ. ಕಸ್ತೂರಿ ಎಲ್ಲರಿಗೂ ಕೈ ಮುಗಿದು, ಸೆರಗು ಸರಿಮಾಡಿಕೊಂಡು ಮಲಗಿದಳು. ಡಾಕ್ಟರ್ ಇಟಗಿಯವರು ತಾವೇ ಪಟ್ಟಿ ಕಟ್ಟಿದರು. ಅವರ ಕೈ ಮೆತ್ತಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಮೊದಲ ಲೈನು ಬಂತು. ಒಂದು ಪರದೆಯ ಮೇಲೆ ಗೆರೆ ಏರಿತು, ಇಳಿಯಿತು. ಕಸ್ತೂರಿ ಚಾವಣಿ ನೋಡುತ್ತಿದ್ದಳು. ಸದಸ್ಯರು ಬಗ್ಗಿ ಬಗ್ಗಿ ಪರದೆ ನೋಡಿದರು. ಎಷ್ಟು ದೂರದಿಂದ ಬರುತ್ತಿದೆ, ಮಧ್ಯೆ ಗುಡ್ಡ ಬಂದರೆ ಹೇಗೆ, ಮಳೆಗಾಲದಲ್ಲಿ ಲೈನು ಕಟ್ಟಾಗುವುದಿಲ್ಲವೇ ಎಂದು ಕೇಳಿದರು. ಎಲ್ಲಕ್ಕೂ ಇಟಗಿಯವರ ಹತ್ತಿರ ಉತ್ತರವಿತ್ತು. ಆಮೇಲೆ ಎರಡನೆಯ ಲೈನು ಕೊಟ್ಟರು.

ನಾನು ಎರಡು ಹೆತ್ತವಳು. ಬೇನೆಗೊಂದು ಬಿಡುವು ಇದೆ ಎಂದು ಹೆತ್ತವರಿಗೆಲ್ಲ ಗೊತ್ತು. ಬಂತು ಬಂತು ಎನ್ನುವಷ್ಟರಲ್ಲಿ ಬಿಡುತ್ತದೆ, ಆಗ ಹೆಣ್ಣು ಉಸಿರು ತೆಗೆದುಕೊಂಡು ಅವ್ವನನ್ನೋ ದೇವರನ್ನೋ ನೆನೆಯುತ್ತಾಳೆ. ಆ ಬಿಡುವಿನ ಮೇಲೇ ನಾವು ಬದುಕಿ ಉಳಿಯುವುದು. ಪರದೆಗಳ ಮೇಲೆ ನೋಡಿದೆ. ಇಬ್ಬರು ಬಸುರಿಯರ ತಾಳ ಒಂದೇ ಇರಲಿಲ್ಲ. ಒಂದು ಗೆರೆ ಇಳಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಏರುತ್ತಿತ್ತು. ನನ್ನ ತಂಗಿಗೆ ಬಿಡುವೇ ಇರಲಿಲ್ಲ. ಅವಳ ಕಾಲಿನ ಬೆರಳುಗಳು ಮಡಚಿಕೊಂಡವು, ಹಣೆಯ ಮೇಲೆ ಬೆವರು ಬಂತು, ದವಡೆ ಬಿಗಿಯಿತು. ಸದ್ದು ಮಾತ್ರ ಇಲ್ಲ. ಒಂದು ಸಲ ಬಾಯಿ ತೆರೆದಳು, ನನ್ನನ್ನೇ ನೋಡಿದಳು. ಒದರು ತಾಯಿ, ಒದರು ಎಂದು ನಾನು ಮನಸ್ಸಿನಲ್ಲೇ ಅಂದೆ. ಮತ್ತೆ ಬಾಯಿ ಮುಚ್ಚಿದಳು.

ನಡುವೆ ಚಹಾ ಬಂತು. ಸದಸ್ಯರೊಬ್ಬರು ತಮ್ಮ ಹೆಂಡತಿ ಹೆರಿಗೆಯಲ್ಲಿ ಮೂರು ಓಣಿಗೆ ಕೇಳುವಂತೆ ಕಿರುಚಿದ್ದನ್ನು ನೆನೆಸಿಕೊಂಡು, ಈ ಪಟ್ಟಿಯಲ್ಲಿ ನೋವೂ ಸಣ್ಣದಾಗಿ ಬರುತ್ತದೆ ಎಂದು ಕಾಣುತ್ತದೆ ಎಂದರು. ಎಲ್ಲರೂ ನಕ್ಕರು. ನದಾಫರು ನಗಲಿಲ್ಲ, ಮಂಚದ ಹತ್ತಿರ ಹೋಗಿ, ಏನಾದರೂ ತ್ರಾಸವಾಗುತ್ತಿದೆಯೇನವ್ವ, ಇದ್ದರೆ ಇದ್ದ ಹಾಗೆ ಹೇಳು ಎಂದು ಕೇಳಿದರು.

"ಏನೂ ಇಲ್ರಿ ಸಾಹೇಬ್ರ" ಎಂದಳು ಕಸ್ತೂರಿ.

ಅವರು ತಿರುಗಿ ಬಂದು ಕೂತು ನನಗೆ ಬರೆಸಿದರು: ಎರಡು ಲೈನುಗಳಿದ್ದಾಗಲೂ ಸ್ವೀಕಾರ ತುದಿಯಲ್ಲಿ ಯಾವ ತೊಂದರೆಯೂ ಕಂಡುಬರಲಿಲ್ಲ. ನಾನು ಬರೆದೆ. ಬರೆಯುವಾಗ ಆ ಮೇಜು, ಆ ಮಂದಿ, ಆ ಕಾಗದ ಎಲ್ಲಕ್ಕೂ ಬೆಂಕಿ ಬೀಳಲಿ ಎನಿಸಿತು. ನನ್ನ ತಂಗಿಯ ಮೇಲೂ ಸಿಟ್ಟು ಬಂತು. ಇಷ್ಟು ಹಟ ಯಾತಕ್ಕೆ, ಯಾರು ಕೊಟ್ಟ ಬಿರುದು ಇದು?

ಊಟದ ಹೊತ್ತಿಗೆ ಮೊದಲ ಕೂಸು ಹುಟ್ಟಿತೆಂದು ಆಸ್ಪತ್ರೆಯಿಂದ ಫೋನು ಬಂತು. ಗಂಡು. ಸದಸ್ಯರು ಚಪ್ಪಾಳೆ ತಟ್ಟಿದರು. ಇನ್ನೊಂದಕ್ಕೆ ಇನ್ನೂ ಬಹಳ ಹೊತ್ತು ಹಿಡಿಯಿತು, ಹೆಣ್ಣು. ಇಟಗಿಯವರು ಪಟ್ಟಿ ಬಿಚ್ಚಿದರು. ಕಸ್ತೂರಿ ಮಂಚದ ಮೇಲೆ ಎದ್ದು ಕೂತಳು. ಎಲ್ಲರೂ ಅವಳ ಕಡೆ ನೋಡುತ್ತಿದ್ದರು, ಏನಾದರೂ ಹೇಳಿ ಕಳಿಸಬೇಕಲ್ಲ ಎಂದು.

ಆಗ ಅವಳ ಕುಪ್ಪಸ ನೆನೆಯಿತು. ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಎರಡು ಹೆರಿಗೆಯ ಹಾಲು. ಸೆರಗು ಎಳೆದುಕೊಂಡಳು, ಸೆರಗೂ ನೆನೆಯಿತು. ಅವಳು ಒತ್ತಿ ಹಿಡಿದಷ್ಟೂ ಅದು ಬೆರಳ ಸಂದಿನಿಂದ ಮಂಚದ ಮೇಲೆ ಹನಿಯಿತು. ಹನ್ನೊಂದು ಮಂದಿಯೂ ತಂತಮ್ಮ ಮುಂದಿನ ಕಾಗದ ನೋಡತೊಡಗಿದರು. ಕಿರುಚಿದ ಹೆಂಡತಿಯ ಕಥೆ ಹೇಳಿದವರು ಚಾಳೀಸು ತೆಗೆದು ಒರೆಸಿದರು. ಯಾರೂ ಮಾತಾಡಲಿಲ್ಲ, ಆದ್ದರಿಂದ ನನಗೆ ಬರೆಯುವುದಕ್ಕೇನೂ ಇರಲಿಲ್ಲ.

ನದಾಫರು ಎದ್ದು ತಮ್ಮ ಹೆಗಲ ಮೇಲಿನ ಶಾಲು ತೆಗೆದು ನನ್ನ ಕೈಗೆ ಕೊಟ್ಟು, ಆಕೆಗೆ ಹೊದಿಸಿ ಎಂದರು. ಹೊದಿಸಿ ಬಂದು ಕೂತೆ. ಅವರು ತಗ್ಗಿದ ದನಿಯಲ್ಲಿ, ಇದರ ಬಗ್ಗೆ ಮಸೂದೆಯಲ್ಲಿ ಏನಾದರೂ ಇದೆಯೇ ಎಂದು ನನ್ನನ್ನು ಕೇಳಿದರು. ಕೇಳಿದರು, ಆದ್ದರಿಂದ ಹೇಳಿದೆ. ಇಲ್ಲ, ಮೊದಲಿನ ಕರಡಿನಲ್ಲಿ ಹೆರಿಗೆ, ಬೇನೆಗಿತ್ತಿ ಎಂಬ ಮಾತುಗಳಿದ್ದವು, ಈಗ ಅವೂ ಇಲ್ಲ ಎಂದೆ. ಅವರು ಇಟಗಿಯವರ ಕಡೆ ನೋಡಿದರು. ಇಟಗಿಯವರು ಪಟ್ಟಿ ಸುತ್ತುವುದನ್ನು ನಿಲ್ಲಿಸಿ, ಇದು ಗೊತ್ತಿರುವ ಪರಿಣಾಮ, ಅಪಾಯವಿಲ್ಲ ಎಂದರು. ಅವರ ಕಣ್ಣು ಮಾತ್ರ ಮಂಚದ ಕಡೆ ಹೋಗಲಿಲ್ಲ.

"ಮೊದಲ ಬರೆಸಿದ್ದನ್ನ ಹೊಡದ ಹಾಕ್ರಿ" ಎಂದರು ನದಾಫರು. "ಈ ಮಸೂದಿ ನಮ್ಮ ಸಮಿತೀದಲ್ಲ. ಸಭಾಧ್ಯಕ್ಷರಿಗೆ ಹೊಳ್ಳಿ ಕಳಸ್ರಿ."

ಹಿಂದಿರುಗಿಸಬೇಕಾದರೆ ಕಾರಣ ಬರೆಯಬೇಕು ಎಂದು ನಾನು ನೆನಪು ಮಾಡಿಕೊಟ್ಟೆ. ಒಬ್ಬಿಬ್ಬರು ಸದಸ್ಯರು ತರಂಗಗಳ ನಿಯಮ, ವ್ಯಾಪ್ತಿ ಎಂದು ಏನೋ ಹುಡುಕತೊಡಗಿದರು. ನದಾಫರು ಕೈ ಎತ್ತಿ ಅವರನ್ನು ತಡೆದರು.

"ಕಾರಣ ಇಷ್ಟ ಬರೀರಿ" ಎಂದರು. "ಸ್ವೀಕಾರ ತುದಿಗೆ ಹಾಲು ಬಂದೈತಿ."

ಹಾಗೆಯೇ ಬರೆದೆ. ವಾರದೊಳಗೆ ಸಭಾಧ್ಯಕ್ಷರು ಅದನ್ನು ಸದನದಲ್ಲಿ ಓದಿದರು. ಒಂದು ಸಲ ಓದಿ, ಕನ್ನಡಕ ಏರಿಸಿ ಮತ್ತೊಂದು ಸಲ ಓದಿದರು. ಸದನದಲ್ಲಿ ಗದ್ದಲವಾಗಲಿಲ್ಲ. ಮಸೂದೆಗೆ ಅದರ ಹಳೆಯ ಹೆಸರು, ಹಳೆಯ ಮಾತುಗಳನ್ನೇ ಕೊಟ್ಟು ತಿರುಗಿ ಮಂಡಿಸಿ ಎಂದು ಅಮಾತೆಪ್ಪನವರಿಗೆ ಹೇಳಿದರು. ಅವರು ಎದ್ದು, ಕಷಾಯ ಕುಡಿಯುವ ಮುಖ ಮಾಡಿ, ಹೆರಿಗೆ ಬೇನೆ ಎಂದು ಓದಿದರು. ಗ್ಯಾಲರಿಯಲ್ಲಿ ಅವತ್ತೂ ಶಾಲೆಯ ಹುಡುಗರಿದ್ದರು. ಒಬ್ಬನೂ ನಗಲಿಲ್ಲ, ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಸದನ "ಹೌದು" ಎಂದಿತು. ಮಸೂದೆ ಕಾರ್ಮಿಕರ ಮತ್ತು ಮಹಿಳೆಯರ ಆರೋಗ್ಯ ಸಮಿತಿಗೆ ಹೋಯಿತು, ಏಳನೆಯ ಕಲಮು ಇದ್ದ ಹಾಗೇ.

ಇದರಿಂದ ಕಾನೂನಾಯಿತು ಎಂದು ತಿಳಿಯಬೇಡಿ. ಸರಿಯಾದ ಬಾಗಿಲಿಗೆ ಹೋಯಿತು, ಅಷ್ಟೆ. ಸಮಿತಿ ಕೂಡಬೇಕು, ಕಂಪನಿಯವರು ಅಲ್ಲಿಗೂ ಬರುತ್ತಾರೆ, ತಿದ್ದುಪಡಿಗಳು ಬೀಳುತ್ತವೆ, ಆಮೇಲೆ ಸದನ. ಹೊಸ ಸಮಿತಿ ಕಸ್ತೂರಿಯನ್ನು ಸಾಕ್ಷಿಯಾಗಿ ಕರೆಯುತ್ತದೆ. ಅಲ್ಲಿ ಮಂಚವಿಲ್ಲ, ಪಟ್ಟಿಯಿಲ್ಲ, ಬಾಯಿ ಬಿಟ್ಟು ಹೇಳಬೇಕು. ಇದನ್ನು ತಿಳಿಸಲು ಆ ಸಂಜೆ ಅವಳ ಮನೆಗೆ ಹೋದೆ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಬರುತ್ತೇನೆ ಬಿಡು ಎಂದಳು. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನ್ನ ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಹೊರಗೆ ಬಂತು. ಅವತ್ತು ನಾನು ಅಷ್ಟು ಬೇಡಿಕೊಂಡಿದ್ದೆನಲ್ಲ, ಒಂದು ಸಲ ಒದರಿದ್ದರೆ ಏನಾಗುತ್ತಿತ್ತು, ಹಾಲು ಬರದೆ ಹೋಗಿದ್ದರೆ ಕಲಮು ಹೋಗಿಯೇ ಬಿಡುತ್ತಿತ್ತು, ನಿನ್ನ ಹೆಸರೇ ನಿನಗೆ ಹೆಚ್ಚಾಯಿತೇ ಎಂದು ಕೇಳಿದೆ. ಕಸ್ತೂರಿ ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು.

"ಎರಡನೇ ಲೈನು ಬಂದಾಗ ಒದರಬೇಕಂತನ ಬಾಯಿ ತಗದಿದ್ದೆ, ಯಕ್ಕಾ" ಎಂದಳು. "ಹೆಸರೂ ಬ್ಯಾಡ ಏನೂ ಬ್ಯಾಡ ಅನಿಸಿತ್ತು. ನಿನ್ನ ನೋಡಿದ್ನಲ್ಲಾ, ಆಗ. ಬರಲಿಲ್ಲ. ಒಳಗ ಹುಡುಕಿದ್ರೂ ಸಿಗಲಿಲ್ಲ. ಒದರೂದ ಮರ್ತ ಹೋಗೇತಿ ನನಗ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಚಿಕ್ಕಂದಿನಲ್ಲಿ ಅವಳು ಸಣ್ಣ ಮುಳ್ಳು ಚುಚ್ಚಿದರೂ ಓಣಿ ಒಂದು ಮಾಡುತ್ತಿದ್ದವಳು. ಎಷ್ಟು ತಡೆದರೂ ನನ್ನ ದನಿ ದೊಡ್ಡದಾಯಿತು. ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕದಲ್ಲಿ ಕೂತಳು, ಮೊಣಕೈಯಿಂದ ನನ್ನನ್ನು ಹತ್ತಿರಕ್ಕೆ ಒತ್ತಿಕೊಂಡಳು.

"ಸಣ್ಣಗ ಅಳು, ಯಕ್ಕಾ" ಎಂದಳು. "ಬಾಜೂ ಮನಿ ಹುಡುಗಿ ಬಸರ ಅದಾಳ. ಕೇಳಿದ್ರ ಅಂಜತಾಳ."